ಖಾನಾಪುರದಲ್ಲಿ ನೋಡುವದೇನಿದೆ?

ಶನಿವಾರ ಬೆಳಗಿನ ಝಾವದಲ್ಲಿ ಬೆಳಗಾವಿಯ ಸುಶಿಕ್ಷಿತ ಮನೆತನವೊಂದರ ಬಾಗಿಲ ಮುಂದೆ ಮೋಟಾರು ಸಿದ್ಧವಾಗಿ ನಿಂತಿರುತ್ತದೆ. ಗೋವೆಗೆ ಪ್ರಯಾಣ. ಜಾಂಬೋಟಿ ಹಿಂದೆ ಬೀಳುತ್ತದೆ, ಕಾಡು ದಟ್ಟವಾಗುತ್ತದೆ, ಕಣಕುಂಬಿ ಬರುತ್ತದೆ. ಅಲ್ಲಿ ಚಹಕ್ಕಾಗಿ ಐದು ನಿಮಿಷ ನಿಂತು, ಚೋರ್ಲಾ ಘಟ್ಟದ ತಿರುವುಗಳನ್ನು ಬೇಗನೆ ಇಳಿದುಬಿಡಬೇಕೆಂಬ ಆತುರದಲ್ಲಿ ಬಂಡಿ ಮತ್ತೆ ಹೊರಡುತ್ತದೆ. ಹಿಂದಿನ ಆಸನದಲ್ಲಿ ಹುಡುಗನೊಬ್ಬನು ನಿದ್ರೆ ಹೋಗಿದ್ದಾನೆ. ‘ಮಲಪ್ರಭಾ ನದಿಯ ಉಗಮಸ್ಥಾನ ಯಾವದು?’ ಎಂಬ ಪ್ರಶ್ನೆಗೆ ಹೋದ ಪರೀಕ್ಷೆಯಲ್ಲಷ್ಟೇ ‘ಕಣಕುಂಬಿ’ ಎಂದು ಬರೆದು ಪೂರ್ಣ ಗುಣಗಳನ್ನು ಪಡೆದವನು ಅವನು. ಆ ಊರು ಕಿಟಕಿಯ ಹೊರಗೆ ಹಾದುಹೋಗುವಾಗ ಅವನನ್ನು ಎಬ್ಬಿಸಬೇಕೆಂದು ತಂದೆಗೂ ತೋರುವದಿಲ್ಲ, ತಾಯಿಗೂ ತೋರುವದಿಲ್ಲ.

ಇಂಥ ಮನೆಯಲ್ಲಿ ಎಂದಾದರೂ ವೃದ್ಧೆಯೊಬ್ಬಳು, ‘ಒಮ್ಮೆ ಹಲಸಿಗಾದರೂ ಹೋಗಿ ಬರೋಣು’ ಎಂದರೆ ತಕ್ಷಣ ಬರುವ ಉತ್ತರವು ಎಲ್ಲರಿಗೂ ಪರಿಚಿತವಾದದ್ದೇ: ‘ಖಾನಾಪುರದಾಗ ಏನದ ನೋಡ್ಲಿಕ್ಕೆ?’ ಈ ಉತ್ತರದಲ್ಲಿ ಪ್ರಶ್ನೆಯ ರೂಪವಿದ್ದರೂ ಪ್ರಶ್ನೆಯ ಜೀವವಿಲ್ಲ. ಕೇಳಿದವರಿಗೆ ತಿಳಿಯುವ ಇಚ್ಛೆಯಿರುವದಿಲ್ಲ. ಮಾತನ್ನು ಅಲ್ಲಿಗೇ ಮುಗಿಸುವ ಇಚ್ಛೆಯಿರುತ್ತದೆ. ಆದರೂ ಅದನ್ನು ಪೂರ್ವಪಕ್ಷವೆಂದು ಹಿಡಿದು ಉತ್ತರಿಸುವದು ಅವಶ್ಯವಾಗಿದೆ. ಏಕೆಂದರೆ ಈ ಮಾತನ್ನು ಆಡುವವರು ಓದುಬರಹ ಬಲ್ಲವರು, ಮಕ್ಕಳಿಗೆ ಇತಿಹಾಸವನ್ನು ಕಲಿಸುವವರು, ಸಭೆಗಳಲ್ಲಿ ನಾಡಿನ ಹಿರಿಮೆಯನ್ನು ಕುರಿತು ಮಾತನಾಡುವವರು.

ಮೊದಲು ನೀರಿನ ಮಾತು. ಕಣಕುಂಬಿಯಲ್ಲಿ ಮಾವುಲಿ ದೇವಿಯ ಗುಡಿಯ ಹತ್ತಿರ ಹುಟ್ಟುವ ಮಲಪ್ರಭೆಯು ಪೂರ್ವಕ್ಕೆ ಸುಮಾರು ೩೦೦ ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಪಟ್ಟದಕಲ್ಲಿನ ದೇವಾಲಯಗಳು ಇದರ ದಂಡೆಯ ಮೇಲಿವೆ. ಐಹೊಳೆಯೂ ಇದೇ ದಂಡೆಯದು. ಸವದತ್ತಿಯ ನವಿಲುತೀರ್ಥದಲ್ಲಿ ಕಟ್ಟಿ ನಿಲ್ಲಿಸಿದ ಇದೇ ನೀರನ್ನು ಹುಬ್ಬಳ್ಳಿ-ಧಾರವಾಡದ ಮನೆಮನೆಗಳಲ್ಲಿ ಕುಡಿಯುತ್ತಾರೆ. ಪಟ್ಟದಕಲ್ಲನ್ನು ನೋಡಲು ದೂರ ದೇಶದವರು ಬರುತ್ತಾರೆ, ಬೆಳಗಾವಿಯವರೂ ಹೋಗುತ್ತಾರೆ, ಅದು ಯೋಗ್ಯವೇ. ಆದರೆ ಯಾವ ನೀರು ಆ ಶಿಲ್ಪಿಗಳ ಬಾಯಾರಿಕೆಯನ್ನು ತಣಿಸಿತೋ ಆ ನೀರು ನೆಲದಿಂದ ಹೊರಗೆ ಬರುವ ಸ್ಥಳವು ತಮ್ಮ ಮನೆಯಿಂದ ಒಂದು ಗಂಟೆಯ ಹಾದಿಯಲ್ಲಿರುವಾಗ ಅದನ್ನು ಚಹದ ಅಂಗಡಿಯಾಗಿ ಮಾತ್ರ ಅರಿತಿರುವದು ಯೋಗ್ಯವಲ್ಲ.

ಇದೇ ತಾಲೂಕಿನ ಕಾಡಿನಲ್ಲಿ ಮಹಾದಾಯಿಯೂ ಹುಟ್ಟುತ್ತದೆ. ಅದು ಪಶ್ಚಿಮಕ್ಕೆ ಹೊರಳಿ, ಗೋವೆಯಲ್ಲಿ ಮಾಂಡವಿಯೆಂಬ ಹೆಸರನ್ನು ತಳೆದು, ಪಣಜಿಯ ಹತ್ತಿರ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಂದೇ ಮಳೆಗಾಲದ ಒಂದೇ ಮೋಡವು ಖಾನಾಪುರದ ಗುಡ್ಡಗಳ ಮೇಲೆ ಸುರಿದಾಗ, ಏಣಿನ ಈಚೆಗೆ ಬಿದ್ದ ಹನಿಯು ಕೃಷ್ಣೆಯೊಡನೆ ಬಂಗಾಳ ಉಪಸಾಗರಕ್ಕೂ, ಆಚೆಗೆ ಬಿದ್ದ ಹನಿಯು ಪಶ್ಚಿಮದ ಕಡಲಿಗೂ ಹೋಗುತ್ತದೆ. ಈ ನೀರಿಗಾಗಿ ರಾಜ್ಯರಾಜ್ಯಗಳು ವ್ಯಾಜ್ಯ ಹೂಡಿವೆ. ೨೦೧೮ರ ಆಗಸ್ಟ ತಿಂಗಳಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ ೧೩.೪೨ ಟಿ.ಎಂ.ಸಿ. ನೀರನ್ನು ಗೊತ್ತುಪಡಿಸಿತು. ನರಗುಂದದ ರೈತರು ವರ್ಷಗಟ್ಟಲೆ ಧರಣಿ ಕುಳಿತರು. ಕಳಸಾ-ಬಂಡೂರಿ ಎಂಬ ಹೆಸರು ವೃತ್ತಪತ್ರಿಕೆಯನ್ನು ಓದುವ ಪ್ರತಿಯೊಬ್ಬರ ನಾಲಿಗೆಯ ಮೇಲಿದೆ. ಹೀಗಿದ್ದೂ ಕಳಸಾ ಹಳ್ಳವು ಯಾವ ದಿಕ್ಕಿಗೆ ಹರಿಯುತ್ತದೆಂದು ಬೆಳಗಾವಿಯ ಒಂದು ಗ್ರಂಥಾಲಯದ ಪಡಸಾಲೆಯಲ್ಲಿ ಕೇಳಿ ನೋಡಬೇಕು! ಉತ್ತರ ಹೇಳುವವರ ಸಂಖ್ಯೆಯನ್ನು ಎಣಿಸಲು ಒಂದು ಕೈಯ ಬೆರಳುಗಳೇ ಸಾಕಾದಾವು.

ಇನ್ನು ಖರ್ಚಿನ ವಿಷಯ. ಇದನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ, ಏಕೆಂದರೆ ಖಾನಾಪುರದ ದೊಡ್ಡ ಅಪರಾಧವೆಂದರೆ ಅದು ಅಗ್ಗವಾಗಿರುವದೇ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು ೨೬ ಕಿಲೋಮೀಟರು. ಬಸ್ಸುಗಳು ಸಾಕಷ್ಟಿವೆ. ದೇಸೂರು, ಇದಲಹೊಂಡಗಳನ್ನು ದಾಟಿ ಲೋಂಡೆಗೆ ಹೋಗುವ ರೈಲುಹಾದಿಯೂ ಇದೇ ಊರಿನ ಮೇಲೆ ಹಾಯುತ್ತದೆ. ೨೦೨೩ರ ಜೂನ್ ೧೧ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವೂ ಇಲ್ಲ. ಅಜ್ಜಿ, ಸೊಸೆ, ಮೊಮ್ಮಗಳು ಮೂವರೂ ಬಿಡಿಗಾಸಿಲ್ಲದೆ ಕದಂಬರ ರಾಜಧಾನಿಗೆ ಹೋಗಿಬರಬಹುದು. ಹಣ ತೆರಬೇಕಾದವನು ಮನೆಯ ಯಜಮಾನನೊಬ್ಬನೇ. ಆದರೆ ಸಾವಿರಾರು ರೂಪಾಯಿ ವ್ಯಯವಾಗದ ಪ್ರವಾಸವು ಪ್ರವಾಸವೇ ಅಲ್ಲವೆಂಬ ಭಾವನೆಯು ಈಚೆಗೆ ಮನೆತನಗಳಲ್ಲಿ ಬೇರೂರಿದೆ. ನೆರೆಯವರು ‘ಎಲ್ಲಿಗೆ ಹೋಗಿದ್ದಿರಿ?’ ಎಂದು ಕೇಳಿದಾಗ ‘ಹಲಸಿಗೆ’ ಎನ್ನಲು ನಾಚಿಕೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಹಿರಿಯರು ಜನರ ಮೂಢತನವನ್ನು ಆಡಿತೋರಿಸುವದಕ್ಕಾಗಿ ಮಾಡಿದರು. ಈಗಿನವರು ಅದನ್ನೇ ಒಂದು ಶಾಸ್ತ್ರವಚನವೆಂಬಂತೆ ನಡೆಸುತ್ತಿರುವರು.

ಹಲಸಿಯ ಸಂಗತಿಯನ್ನು ತುಸು ವಿಸ್ತಾರವಾಗಿ ಹೇಳದೆ ಗತ್ಯಂತರವಿಲ್ಲ. ಖಾನಾಪುರದಿಂದ ನಂದಗಡದ ಮೇಲೆ ಹೋದರೆ ಸಿಗುವ ಈ ಹಳ್ಳಿಯ ಪ್ರಾಚೀನ ನಾಮವು ಪಲಾಶಿಕಾ. ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಾಗಿತ್ತು. ಪಲಾಶಿಕೆಯು ಪಲಸಿಗೆಯಾಗಿ, ಪಕಾರವು ಹಕಾರಕ್ಕೆ ತಿರುಗಿದಾಗ ಹಲಸಿಗೆಯಾಗಿ, ಕಡೆಗೆ ಹಲಸಿಯಾಗಿ ನಿಂತಿತು. ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು ಪಾಠಪುಸ್ತಕದಲ್ಲಿ ಉಂಟು. ಆ ಸೂತ್ರಕ್ಕೆ ಉದಾಹರಣೆಯಾಗಿ ಒಂದು ಇಡೀ ಊರೇ ಇಲ್ಲಿ ನಿಂತಿದೆ. ಸಂಸ್ಕೃತದಲ್ಲಿ ಪಲಾಶವೆಂದರೆ ಮುತ್ತುಗ. ಹಳಗನ್ನಡದಲ್ಲಿ ಪಲಸೆಂದರೆ ಹಲಸು. ಊರಿನ ಹೆಸರು ಯಾವ ಮರದಿಂದ ಬಂದಿತೆಂದು ಬಸ್ಸಿನಲ್ಲಿ ಮಕ್ಕಳೊಡನೆ ವಾದಿಸುತ್ತ ಹೋಗಲು ಇದಕ್ಕಿಂತ ಸೊಗಸಾದ ವಿಷಯ ಬೇರೆ ಬೇಡ.

ಇಲ್ಲಿ ನೆಲದಲ್ಲಿ ದೊರೆತ ಏಳು ತಾಮ್ರಶಾಸನಗಳನ್ನು ಮುಂಬಯಿ ಇಲಾಖೆಯ ಇಂಗ್ಲಿಷ ಅಧಿಕಾರಿಯಾಗಿದ್ದ ಫ್ಲೀಟ ಸಾಹೇಬನು ಓದಿ, ೧೮೭೭ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದನು. ಅವುಗಳಲ್ಲಿ ಒಂದರಲ್ಲಿ ಕಾಕುಸ್ಥವರ್ಮನು ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಭೂಮಿಯನ್ನು ಕೊಡುತ್ತಾನೆ. ಈ ಕಾಕುಸ್ಥನೇ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಕೊಟ್ಟನೆಂದು ತಾಳಗುಂದದ ಸ್ತಂಭಶಾಸನ ಹೇಳುವದು. ಇನ್ನೊಂದು ತಗಡಿನಲ್ಲಿ ಮೃಗೇಶವರ್ಮನು ಗತಿಸಿದ ತನ್ನ ತಂದೆಯ ಮೇಲಿನ ಭಕ್ತಿಯಿಂದ ಪಲಾಶಿಕೆಯಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿ, ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರು ಪಂಗಡದವರಿಗೆ ೩೩ ನಿವರ್ತನ ಭೂಮಿಯನ್ನು ದತ್ತಿಯಾಗಿ ಬಿಡುತ್ತಾನೆ. ಒಂದೇ ಧರ್ಮದೊಳಗಿನ ಪಂಗಡಗಳು ಒಂದರ ಮುಖವನ್ನೊಂದು ನೋಡದ ಕಾಲದಲ್ಲಿ ಇರುವವರು ಈ ದಾನಪತ್ರದ ಮುಂದೆ ಒಂದು ಗಳಿಗೆ ನಿಂತು ಯೋಚಿಸಬಹುದು.

ಮೃಗೇಶನ ಮಗನಾದ ರವಿವರ್ಮನು ಇಲ್ಲಿ ಪ್ರತಿವರ್ಷ ಕಾರ್ತಿಕದಲ್ಲಿ ಎಂಟು ದಿನಗಳ ಜಿನೋತ್ಸವ ನಡೆಯಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಅನ್ನ ದೊರೆಯಬೇಕೆಂದೂ ಕಟ್ಟು ಮಾಡಿದನು. ಈ ಮಾತನ್ನು ಮನೆಯಲ್ಲಿ ಕುಳಿತು ಓದಿದರೆ ಎಲ್ಲ ರಾಜರೂ ಬರೆಯಿಸುವ ಒಂದು ದಾನದ ಮಾತಾಗಿ ತೋರುವದು. ಆಷಾಢದಲ್ಲಿ ಒಮ್ಮೆ ಖಾನಾಪುರದ ಈಚೆಗಿನ ದಾರಿಯಲ್ಲಿ ನಿಂತವನಿಗೆ ಅದರ ಅರ್ಥ ಬೇರೆ. ಹಳ್ಳಗಳು ಏರಿ, ಕೆಂಪು ಮಣ್ಣು ಹಾದಿಗೆ ಬಂದು, ಒಂದು ಊರಿನಿಂದ ಮತ್ತೊಂದು ಊರಿಗೆ ಹೋಗುವದು ಈ ದಿನಕ್ಕೂ ಕಠಿಣವಾಗುವ ಮಳೆ ಇಲ್ಲಿಯದು. ಆ ಮಳೆಯಲ್ಲಿ ಭಿಕ್ಷೆಗೆ ಹೊರಡಲಾಗದ ತಪಸ್ವಿಗಳ ಹಸಿವನ್ನು ಕಣ್ಣಾರೆ ಕಂಡ ಅರಸನು ಬರೆಯಿಸಿದ ಕಟ್ಟಳೆಯದು. ಶಾಸನದ ಶಬ್ದಕ್ಕೆ ವ್ಯಾಖ್ಯಾನವನ್ನು ಆ ಊರಿನ ಆಕಾಶವೇ ಬರೆದಿಟ್ಟಿದೆ. ಅಚ್ಚಾದ ಪುಸ್ತಕದಲ್ಲಿ ಅದು ಸಿಗಲಾರದು.

ಇದಾಗಿ ಆರು ನೂರು ವರ್ಷಗಳಾದ ಮೇಲೆ, ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ಕಾಲದಲ್ಲಿ, ಭೂವರಾಹ-ನರಸಿಂಹ ದೇವಾಲಯಕ್ಕೆ ಸಂಬಂಧಿಸಿದ ಶಾಸನವು ಬರುತ್ತದೆ. ಅದರ ಕಾಲವನ್ನು ಶಕವರ್ಷದಲ್ಲಿ ಹೇಳದೆ ಕಲಿಯುಗದ ೪೨೭೦ನೆಯ ವರ್ಷವೆಂದು ಕೆತ್ತಿದ್ದಾರೆ, ಅಂದರೆ ಕ್ರಿ.ಶ. ೧೧೬೯. ಪೂಜೆಗೆ ಕುಳಿತಾಗ ಸಂಕಲ್ಪದಲ್ಲಿ ಕಲಿಯುಗದ ಹೆಸರನ್ನು ಉಚ್ಚರಿಸಿ, ಅದು ಬಾಯಿಪಾಠದ ಮಾತೆಂದು ಮರೆಯುವ ಗೃಹಸ್ಥನು ಆ ಎಣಿಕೆಯನ್ನು ಲೋಕವ್ಯವಹಾರಕ್ಕಾಗಿ ಕಲ್ಲಿನಲ್ಲಿ ಕೊರೆದದ್ದನ್ನು ಇಲ್ಲಿ ನೋಡಬಹುದು. ದೇವಾಲಯದ ರಚನೆಯೂ ಅಪೂರ್ವವಾದದ್ದು. ಎರಡು ಗರ್ಭಗೃಹಗಳು ಒಂದಕ್ಕೊಂದು ಇದಿರುಬದಿರಾಗಿವೆ. ಒಂದೆಡೆ ಭೂದೇವಿಯನ್ನು ಎತ್ತಿಹಿಡಿದು ನಿಂತ ವರಾಹ, ಇದಿರಿನಲ್ಲಿ ಕುಳಿತ ವಿಷ್ಣು. ನಡುವಿನ ಮಂಟಪದಲ್ಲಿ ನಿಂತ ಭಕ್ತನು ಯಾವ ಕಡೆಗೆ ಬೆನ್ನು ಮಾಡಬೇಕೆಂದು ತಿಳಿಯದೆ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಊರ ಸುತ್ತು ಕಪಿಲೇಶ್ವರ, ಸುವರ್ಣೇಶ್ವರ, ಹಾಟಕೇಶ್ವರ ಗುಡಿಗಳೂ ಒಂದು ಬಸದಿಯೂ ಇವೆ, ಕೆಲವು ಜೀರ್ಣವಾಗಿವೆ. ಹತ್ತಿರದ ಗುಡ್ಡದ ಮೇಲೆ ರಾಮತೀರ್ಥವಿದೆ. ಸಾವಿರದ ಐನೂರು ವರ್ಷಗಳಿಂದ ಜೈನರೂ ಶೈವರೂ ವೈಷ್ಣವರೂ ಒಬ್ಬರ ಪಕ್ಕದಲ್ಲೊಬ್ಬರು ಕಟ್ಟಿ, ಬಾಳಿ, ಬಿಟ್ಟುಹೋದ ಊರು ಅರ್ಧ ದಿನದಲ್ಲಿ ಕಾಲ್ನಡಿಗೆಯಿಂದ ಸುತ್ತುವಷ್ಟು ಚಿಕ್ಕದಾಗಿರುವದು ಪ್ರವಾಸಿಗನ ಪುಣ್ಯವೇ ಸರಿ.

ನಂದಗಡದ ಮಾತಿಗೆ ಬಂದರೆ ನಾಚಿಕೆಯು ಇಮ್ಮಡಿಯಾಗಬೇಕು. ಕಿತ್ತೂರಿನ ದತ್ತುಪುತ್ರನಿಗೆ ಗಾದಿಯು ಮರಳಿ ದೊರೆಯಲೆಂದು ಕಾದಾಡಿದ ಸಂಗೊಳ್ಳಿ ರಾಯಣ್ಣನನ್ನು ಕಂಪನಿ ಸರಕಾರದವರು ೧೮೩೧ರ ಜನವರಿ ೨೬ರಂದು ಗಲ್ಲಿಗೇರಿಸಿದ್ದು ಈ ಊರಿನಲ್ಲಿ. ಅವನ ಸಮಾಧಿಯ ಮೇಲಿನ ಆಲದ ಮರಕ್ಕೆ ಮಕ್ಕಳಿಲ್ಲದವರು ಇಂದಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಹಳ್ಳಿಯ ಹೆಂಗಸು ರಾಯಣ್ಣನಂಥ ಮಗನು ಹುಟ್ಟಲೆಂದು ಬೇಡಿಕೊಳ್ಳುವದಕ್ಕಾಗಿ ಎಷ್ಟೋ ದೂರದಿಂದ ಬರುತ್ತಾಳೆ. ಬೆಳಗಾವಿಯ ಪದವೀಧರನಾದರೋ ಗಣರಾಜ್ಯದ ದಿನವೂ ಅದೇ ಜನವರಿ ೨೬ ಎಂಬ ಕಾಕತಾಲೀಯವನ್ನು ಭಾಷಣದಲ್ಲಿ ಸೊಗಸಾಗಿ ವರ್ಣಿಸಿ, ಧ್ವಜವಂದನೆ ಮುಗಿದೊಡನೆ ಸಿಕ್ಕ ರಜೆಯಲ್ಲಿ ಸಮುದ್ರತೀರಕ್ಕೆ ಹೊರಡುತ್ತಾನೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹಲಸಿಯ ತಾಮ್ರಪಟಗಳನ್ನು ಓದಿದ ಅದೇ ಫ್ಲೀಟನು ರಾಯಣ್ಣನ ಮೇಲಿನ ಲಾವಣಿಯನ್ನೂ ಹಾಡುವವರ ಬಾಯಿಂದ ಸಂಗ್ರಹಿಸಿ ಅದೇ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ರಾಯಣ್ಣನನ್ನು ನೇಣಿಗೆ ಹಾಕಿದ ಆಳಿಕೆಯ ಉತ್ತರಾಧಿಕಾರಿಗಳ ಸಂಬಳವನ್ನು ತಿನ್ನುತ್ತಿದ್ದ ಪರದೇಶಿಯೊಬ್ಬನಿಗೆ ಇದ್ದ ಕುತೂಹಲವು ಈ ನೆಲದ ಅನ್ನವನ್ನು ತಿನ್ನುವವರಿಗೆ ಇಲ್ಲವಾಗಿದೆ.

‘ಅದೆಲ್ಲ ಸರಿ, ಅಲ್ಲಿ ಅನುಕೂಲತೆಗಳಿಲ್ಲ’ ಎಂಬದು ಎರಡನೆಯ ಆಕ್ಷೇಪ. ಒಳ್ಳೆಯ ಹೋಟೇಲಿಲ್ಲ, ಹೆಂಗಸರಿಗೆ ಅಡಚಣೆ, ವಸತಿಗೆ ಸ್ಥಳವಿಲ್ಲ, ಇತ್ಯಾದಿ. ವಸತಿಯ ಪ್ರಶ್ನೆಯೇ ಉದ್ಭವಿಸುವದಿಲ್ಲ. ಬೆಳಿಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಊಟಕ್ಕೆ ಬುತ್ತಿಯುಂಟಷ್ಟೆ! ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬುತ್ತಿಗಳನ್ನು ಕಟ್ಟಿಕೊಂಡು ಹೋಗುವ ಜನ ಇವರೇ ಅಲ್ಲವೇ? ಹೆಂಗಸರ ಅಡಚಣೆಯ ಮಾತು ಮಾತ್ರ ನ್ಯಾಯವಾದದ್ದು, ಅದನ್ನು ಲಘುವಾಗಿ ತೆಗೆದುಹಾಕುವದು ಸಲ್ಲದು. ಖಾನಾಪುರದಲ್ಲಿ ಇಳಿದು ಮುಂದಕ್ಕೆ ಹೋಗುವ ಕ್ರಮವನ್ನಿಟ್ಟುಕೊಂಡರೆ ಅರ್ಧ ತೊಂದರೆ ನೀಗುವದು. ಉಳಿದರ್ಧವು, ಗೃಹಸ್ಥರು ಹೋಗಿಬರತೊಡಗಿ, ಪಂಚಾಯತಿಯವರಿಗೆ ಕೇಳಬೇಕಾದ ರೀತಿಯಲ್ಲಿ ಕೇಳಿದಾಗ ನೀಗಬೇಕಾದದ್ದು. ಯಾರೂ ಹೋಗದ ಊರಿಗೆ ಯಾರು ತಾನೇ ಅನುಕೂಲತೆಯನ್ನು ಕಲ್ಪಿಸಿಕೊಟ್ಟಾರು?

ಮೂರನೆಯ ಆಕ್ಷೇಪವು ಬಲವಾದದ್ದು. ಅದನ್ನು ಎತ್ತುವವರು ವಿವೇಕಿಗಳು. ‘ಖಾನಾಪುರದ ಹೆಸರನ್ನು ಡಂಗುರ ಹೊಡೆಯಬೇಡಿರಿ. ಜನ ನುಗ್ಗಿದರೆ ಆ ಕಾಡೂ ಆ ಗುಡಿಗಳೂ ಹಾಳಾಗುವವು’ ಎಂದು ಅವರೆನ್ನುವರು. ಮಳೆಗಾಲದ ಜಲಪಾತಗಳ ಬುಡದಲ್ಲಿ ಒಡೆದ ಬಾಟಲಿಗಳನ್ನು ಕಂಡವರಿಗೆ ಈ ಭಯವು ನಿರಾಧಾರವೆಂದು ತೋರಲಾರದು. ಆದರೆ ಇಲ್ಲಿ ವಿವೇಚನೆ ಬೇಕು. ಇದೇ ತಾಲೂಕಿನ ಭೀಮಗಡದ ಕಾಡು ೨೦೧೧ರಲ್ಲಿ ವನ್ಯಜೀವಿಗಳ ಅಭಯಾರಣ್ಯವೆಂದು ಘೋಷಿತವಾಯಿತು. ಅಲ್ಲಿ ಬಾರಾಪೇಡೆಯ ಗುಹೆಗಳಿವೆ. ೧೯೧೩ರಲ್ಲಿ ಪ್ರಾಣಿಶಾಸ್ತ್ರಜ್ಞರು ಮೊದಲ ಬಾರಿಗೆ ವರ್ಣಿಸಿದ ರಾಟನ್ನನ ಬಾವಲಿಯೆಂಬ ಜಾತಿಯು ಆ ಗುಹೆಗಳಲ್ಲಿ ವಾಸಿಸುತ್ತದೆ. ಜಗತ್ತಿನಲ್ಲಿ ಅದಕ್ಕೆ ಇದೊಂದೇ ಮನೆಯೆಂದು ಬಹುಕಾಲ ತಿಳಿದಿದ್ದರು, ಈಚೆಗೆ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಕೆಲವು ದೊರೆತಿವೆ. ಅಂಥ ಗುಹೆಗೆ ಮಕ್ಕಳುಮರಿಗಳೊಡನೆ ಹೋಗಿ ಕೂಗಾಡಿರೆಂದು ಯಾರೂ ಹೇಳುತ್ತಿಲ್ಲ. ಅಲ್ಲಿಗೆ ಹೋಗದಿರುವದೇ ಆ ಪ್ರಾಣಿಗೆ ಮಾಡುವ ಉಪಕಾರ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಲಿಡಲೂ ಬಾರದು.

ಗುಡಿಯ ಸ್ಥಿತಿ ಹಾಗಲ್ಲ. ಕಾಡು ಮನುಷ್ಯನಿಲ್ಲದೆ ಬದುಕುತ್ತದೆ. ದೇವಾಲಯವು ಮನುಷ್ಯನಿಲ್ಲದೆ ಬಿದ್ದುಹೋಗುತ್ತದೆ. ಗೋಡೆಯ ಸಂದಿನಲ್ಲಿ ಆಲದ ಬೀಜವೊಂದು ಮೊಳೆತದ್ದನ್ನು ನೋಡಿ ಹೇಳುವವರಿಲ್ಲದಿದ್ದರೆ ಹತ್ತು ವರ್ಷಗಳಲ್ಲಿ ಆ ಬೇರು ಕಲ್ಲನ್ನು ಸೀಳುವದು. ಶಾಸನದ ಅಕ್ಷರಗಳಿಗೆ ಸುಣ್ಣ ಬಳಿದಾಗ ‘ಇದೇನು ಮಾಡುತ್ತೀರಿ?’ ಎನ್ನಲು ಬಲ್ಲವನೊಬ್ಬನು ಅಲ್ಲಿರಬೇಕು. ವಿವೇಕಿಗಳು ಹಾಳಾದೀತೆಂದು ದೂರ ನಿಂತರೆ ಹಾಳುಮಾಡುವವರು ದೂರ ನಿಲ್ಲುವದಿಲ್ಲ. ಅವರು ಬಂದೇ ಬರುತ್ತಾರೆ, ಕದಂಬರ ಕಲ್ಲಿನ ಮೇಲೆ ತಮ್ಮ ಹೆಸರನ್ನೂ ಕೊರೆಯುತ್ತಾರೆ.

ಕಡೆಯದಾಗಿ, ಗಡಿನಾಡಿನ ವಾದಪಂಡಿತರ ಮಾತು. ಬೆಳಗಾವಿಯಲ್ಲಿ ಸೀಮೆಯ ಪ್ರಶ್ನೆ ಎದ್ದಾಗಲೆಲ್ಲ ಕದಂಬರ ಹೆಸರು ವ್ಯಾಸಪೀಠದ ಮೇಲೆ ಮೊಳಗುತ್ತದೆ. ‘ಹಲಸಿಗೆ ಹನ್ನೆರಡು ಸಾವಿರ’ವು ಕನ್ನಡನಾಡಿನ ಪ್ರಾಚೀನ ಪ್ರಾಂತವೆಂದು ಆವೇಶದಿಂದ ಸಾರುತ್ತಾರೆ. ಸಾರಲಿ, ಅದು ಸತ್ಯವೇ. ಆದರೆ ಹಾಗೆ ಸಾರುವವರಲ್ಲಿ ಹಲಸಿಯ ಗುಡಿಯ ಮೆಟ್ಟಿಲನ್ನು ತುಳಿದವರೆಷ್ಟು ಮಂದಿ? ಆಲೂರ ವೆಂಕಟರಾಯರು ೧೯೦೫ರಲ್ಲಿ ಹಂಪೆಯ ಹಾಳುಗಳ ನಡುವೆ ನಿಂತು ಪಡೆದ ಸ್ಫೂರ್ತಿಯಿಂದ ಏಕೀಕರಣದ ಮಹಾಕಾರ್ಯವನ್ನು ಕೈಕೊಂಡರು. ಅವರ ‘ಕರ್ನಾಟಕ ಗತವೈಭವ’ವು ೧೯೧೭ರಲ್ಲಿ ಹೊರಬಂದಿತು. ಮೊದಲು ಕಾಲು, ಆಮೇಲೆ ಲೇಖನಿ, ಆಮೇಲೆ ವ್ಯಾಸಪೀಠ. ಅವರ ಕ್ರಮ ಅದಾಗಿತ್ತು. ಈಗ ಮೊದಲನೆಯದನ್ನು ಬಿಟ್ಟು ಕಡೆಯದರಿಂದಲೇ ಆರಂಭವಾಗುತ್ತದೆ. ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಮರಾಠಿಯನ್ನಾಡುವವರು ಬಹಳ, ಕೊಂಕಣಿಯೂ ಕೇಳಿಬರುತ್ತದೆ. ಹಲಸಿಯಲ್ಲಿ ದಾರಿ ಕೇಳಿದರೆ ಮರಾಠಿಯಲ್ಲಿಯೇ ಉತ್ತರ ಬಂದೀತು, ಅದರೊಡನೆ ಕುಡಿಯಲು ಒಂದು ತಂಬಿಗೆ ನೀರೂ ಬಂದೀತು. ಆ ನೀರನ್ನು ಕುಡಿದು, ಆ ಮನೆಯವರೊಡನೆ ಕಟ್ಟೆಯ ಮೇಲೆ ಅರ್ಧ ತಾಸು ಕುಳಿತು ಬಂದವನ ವ್ಯಾಖ್ಯಾನದಲ್ಲಿ ಸೀಮೆಯ ಸತ್ಯವೂ ಉಳಿಯುವದು, ನಾಲಿಗೆಯ ವಿಷವೂ ಇಳಿಯುವದು.

ಹೋಗುವವರಿಗೆ ಕಾಲವಿಚಾರ: ದೀಪಾವಳಿ ಕಳೆದ ಮೇಲೆ ಹಾದಿಗಳು ಒಣಗುವವು, ಅಲ್ಲಿಂದ ಶಿವರಾತ್ರಿಯ ವರೆಗೆ ಬಿಸಿಲೂ ಹಿತವಾಗಿರುವದು. ಮಾಘ-ಫಾಲ್ಗುಣಗಳಲ್ಲಿ ಹೋದವರಿಗೆ ಮುತ್ತುಗದ ಹೂವಿನ ಕೆಂಪು ದಾರಿಯುದ್ದಕ್ಕೂ ಸಿಗುವದು. ಪಲಾಶಿಕೆಯ ಹೆಸರಿನ ವಾದದಲ್ಲಿ ಮುತ್ತುಗದ ಪಕ್ಷವನ್ನು ಹಿಡಿದವರಿಗೆ ಅದು ಒಳ್ಳೆಯ ಸಾಕ್ಷಿ. ನಂದಗಡ ಮತ್ತು ಹಲಸಿಗೆ ಒಂದು ದಿನ, ಜಾಂಬೋಟಿಯ ಹಾದಿಯಿಂದ ಕಣಕುಂಬಿಗೆ ಬೇರೊಂದು ದಿನ ಇಟ್ಟುಕೊಳ್ಳುವದು ಲೇಸು; ಎರಡನ್ನೂ ಒಂದೇ ದಿನದಲ್ಲಿ ತುರುಕಿದರೆ ಮತ್ತೆ ಕಿಟಕಿಯ ಪ್ರವಾಸವೇ ಆದೀತು. ಮರಳುವಾಗ ಹೊತ್ತಿದ್ದರೆ ಖಾನಾಪುರದ ಬಳಿಯ ಅಸೋಗೆಗೆ ಹೋಗಿ, ಮಲಪ್ರಭೆಯ ದಂಡೆಯ ರಾಮಲಿಂಗೇಶ್ವರನ ಗುಡಿಯ ಹತ್ತಿರ ನೀರಿನಲ್ಲಿ ಕಾಲಿಟ್ಟುಕೊಂಡು ಉಳಿದ ಬುತ್ತಿಯನ್ನು ಬಿಚ್ಚಬಹುದು. ಹಲಸಿಯಲ್ಲಿ ಇಳಿದ ಕೂಡಲೇ ಮಾತ್ರ ಸಂಜೆಯ ಕಡೆಯ ಬಸ್ಸು ಎಷ್ಟು ಹೊತ್ತಿಗೆಂದು ಕಂಡಕ್ಟರನನ್ನು ಕೇಳಿಟ್ಟುಕೊಳ್ಳತಕ್ಕದ್ದು.